ನಿಮಗಿದು ಗೊತ್ತೇ? ಹಳಿ ಪಕ್ಕದ ಹುಲ್ಲು, ಹೇನಿನ ಮೂತಿ, ಹೊಲದ ನಂಜು

ಓಕಳಿಪುರಂನ ರೈಲು ಹಳಿಗಳ ಅಂಚಿನಲ್ಲಿ ಯಾರೂ ಬಿತ್ತದ ಬೆಳೆಯೊಂದಿದೆ. ಗರಿಕೆ, ಕಾಡುರಾಗಿ, ಕಾಂಗ್ರೆಸ್ ಗಿಡ, ಹೆಸರು ಕೇಳದ ಇನ್ನಷ್ಟು ಕಳೆ. ವರ್ಷಕ್ಕೊಮ್ಮೆ ಯಾರೋ ಕೊಚ್ಚುತ್ತಾರೆ, ಎರಡು ಮಳೆ ಬಿದ್ದರೆ ಮತ್ತೆ ಮೊಣಕಾಲುದ್ದ. ನಮಗೆ ಇದು ಕಸ. ಗಿಡಗಳಿಗೆ ಬರುವ ವೈರಸ್ ರೋಗಗಳಿಗೆ ಮಾತ್ರ ಇಂಥ ಅಂಚುಗಳೇ ತವರುಮನೆ. ಹೊಲದಲ್ಲಿ ಬೆಳೆ ಇಲ್ಲದ ತಿಂಗಳುಗಳಲ್ಲಿ ನಂಜು ಕಾಲ ಕಳೆಯುವುದು ಹುಲ್ಲಿನಲ್ಲಿ, ಕಳೆಯಲ್ಲಿ. ಅಲ್ಲಿಂದ ಹೊಲಕ್ಕೆ ಹೊತ್ತು ತರುವವರು ಯಾರು, ಹೇಗೆ ಎಂಬುದೇ ಈ ಸಲದ ಕಂತು.

ಗಿಡದ ವೈರಸ್ಸಿಗೆ ತಾನಾಗಿ ಒಳಗೆ ನುಗ್ಗುವ ಶಕ್ತಿಯೇ ಇಲ್ಲ, ಗೊತ್ತೇ? ನೆಗಡಿಯ ವೈರಸ್ ನಮ್ಮ ಮೂಗಿನ ಜೀವಕೋಶಕ್ಕೆ ಅಂಟಿಕೊಂಡು ಒಳಗೆ ಜಾರಿಬಿಡುತ್ತದೆ. ಗಿಡದ ಜೀವಕೋಶಕ್ಕಾದರೆ ಸುತ್ತ ಗಟ್ಟಿ ಗೋಡೆ. ಯಾರಾದರೂ ತೂತು ಕೊರೆದುಕೊಡಬೇಕು. ಆ ಕೆಲಸವನ್ನು ಹೆಚ್ಚಾಗಿ ಮಾಡಿಕೊಡುವುದು ರಸ ಹೀರುವ ಕೀಟಗಳು: ಗಿಡಹೇನು, ಜಿಗಿಹುಳು, ಬಿಳಿನೊಣ, ಥ್ರಿಪ್ಸ್. ಇವುಗಳಲ್ಲಿ ಹೇನು, ಜಿಗಿಹುಳು, ಬಿಳಿನೊಣಗಳ ಮೂತಿ ಎಳನೀರಿಗೆ ಹಾಕುವ ಸ್ಟ್ರಾದ ಹಾಗೆ. ಒಂದೇ ವ್ಯತ್ಯಾಸವೆಂದರೆ ಅದರಲ್ಲಿ ಎರಡು ಕೊಳವೆ. ಒಂದರಲ್ಲಿ ಗಿಡದ ರಸ ಮೇಲಕ್ಕೆ, ಇನ್ನೊಂದರಲ್ಲಿ ಕೀಟದ ಜೊಲ್ಲು ಕೆಳಕ್ಕೆ. ನಂಜು ಇಳಿಯುವುದು ಈ ಎರಡನೆಯ ದಾರಿಯಲ್ಲಿ.

ಬಿಳಿನೊಣ ನೊಣವೇ ಅಲ್ಲ. ಅದು ಗಿಡಹೇನಿನ ನೆಂಟ. ಉದ್ದ ಸುಮಾರು ಒಂದು ಮಿಲಿಮೀಟರ್. ಟೊಮೆಟೊ ಗಿಡ ಅಲ್ಲಾಡಿಸಿದಾಗ ಬೂದಿ ಹಾರಿದಂತೆ ಎದ್ದು ಮತ್ತೆ ಅದೇ ಎಲೆಯ ಅಡಿಗೆ ಹೋಗಿ ಕೂರುತ್ತದಲ್ಲ, ಅದೇ.

ಹೇನಿಗೆ ಗಂಡು ಬೇಕಿಲ್ಲ! ಮಲ್ಲೇಶ್ವರದ ಮಾರುಕಟ್ಟೆಯಲ್ಲಿ ಅವರೆಕಾಯಿ ರಾಶಿ ಬಿದ್ದಿರುವಾಗ ಎಳೆ ತೊಟ್ಟಿರುವ ಒಂದು ಗೊಂಚಲು ಎತ್ತಿ ನೋಡಿ. ತೊಟ್ಟಿನ ಸುತ್ತ ಮಸಿ ಮೆತ್ತಿದ ಹಾಗೆ ಕಪ್ಪು ಹೇನು ಕೂತಿರುತ್ತದೆ. ಉಗುರಿನಿಂದ ಕೆರೆದರೆ ಬೆರಳು ಅಂಟಂಟು. ಅದು ಹೇನು ಬಿಟ್ಟ ಸಿಹಿ ದ್ರವ, ಇರುವೆಗಳು ಸಾಲುಗಟ್ಟಿ ಬರುವುದು ಅದಕ್ಕೇ. ನಮ್ಮೂರಿನಂಥ ಬೆಚ್ಚನೆ ಜಾಗದಲ್ಲಿ ಈ ಹೇನುಗಳಲ್ಲಿ ಬಹುತೇಕ ಎಲ್ಲವೂ ಹೆಣ್ಣು. ಗಂಡಿನ ಹಂಗಿಲ್ಲದೆ ಬಸಿರಾಗುತ್ತವೆ, ಮೊಟ್ಟೆಯಿಡದೆ ಜೀವಂತ ಮರಿ ಹಾಕುತ್ತವೆ. ಹುಟ್ಟುವ ಮರಿಯ ಹೊಟ್ಟೆಯಲ್ಲಿ ಆಗಲೇ ಅದರ ಮರಿ ಬೆಳೆಯತೊಡಗಿರುತ್ತದೆ. ಅಂದರೆ ಅಜ್ಜಿಯ ಮೈಯೊಳಗೇ ಮೊಮ್ಮಗಳು. ಗಿಡದಲ್ಲಿ ಜನಸಂದಣಿ ಹೆಚ್ಚಾದಾಗ ಸಾಮಾನ್ಯವಾಗಿ ರೆಕ್ಕೆಯಿರುವ ಮರಿಗಳು ಹುಟ್ಟುತ್ತವೆ. ಅವು ಗಾಳಿ ಹಿಡಿದು ಹೊರಟರೆ ನಂಜಿಗೂ ಪುಕ್ಕಟೆ ಪ್ರಯಾಣ. ಅವರೆಗೆ ಇದಲ್ಲದೆ ಬಿಳಿನೊಣ ತರುವ ಹಳದಿ ನಂಜು ಬೇರೆ ಇದೆ, ಎಲೆಯ ಮೇಲೆ ಅರಿಸಿನ ಚೆಲ್ಲಿದಂತೆ ಕಾಣುವುದು. ಅವರೆಯ ಸೊಗಡಿಗೂ ಇವೆರಡಕ್ಕೂ ಸಂಬಂಧವಿಲ್ಲ, ಹೆದರಬೇಡಿ.

ಕೀಟನಾಶಕ ಹೊಡೆದರೂ ಕೆಲವು ನಂಜು ರೋಗ ನಿಲ್ಲುವುದಿಲ್ಲ, ಏಕೆ ಗೊತ್ತೇ? ವೈರಸ್‌ಗಳಲ್ಲಿ ಎರಡು ಸ್ವಭಾವ. ಒಂದು ಜಾತಿ ಹೇನಿನ ಮೂತಿಯ ತುದಿಯಲ್ಲಷ್ಟೇ ಅಂಟಿಕೊಳ್ಳುತ್ತದೆ. ರೋಗದ ಎಲೆಗೆ ಕೆಲವು ಸೆಕೆಂಡು ಮೂತಿ ಇಟ್ಟರೆ ಬರುತ್ತದೆ, ಮುಂದಿನ ಗಿಡಕ್ಕೆ ಕೆಲವು ಸೆಕೆಂಡು ಇಟ್ಟರೆ ಇಳಿದುಹೋಗುತ್ತದೆ. ಒಂದೆರಡು ಗಿಡ ಚುಚ್ಚುವಷ್ಟರಲ್ಲಿ ಮೂತಿ ಶುದ್ಧ. ಪರಂಗಿಯ ಉಂಗುರ ಚುಕ್ಕೆ ರೋಗ, ಸೌತೆಯ ಮೊಸಾಯಿಕ್ ಈ ಬಗೆಯವು. ಔಷಧಿ ತಾಗಿ ಹೇನು ಸಾಯುವ ಮೊದಲೇ ಕೆಲಸ ಮುಗಿದಿರುತ್ತದೆ. ಇನ್ನೊಂದು ಜಾತಿ ಕೀಟದ ಕರುಳು ದಾಟಿ, ರಕ್ತದಲ್ಲಿ ಈಜಿ, ಜೊಲ್ಲಿನ ಗ್ರಂಥಿ ಸೇರಬೇಕು. ಅದಕ್ಕೆ ಗಂಟೆಗಳು, ಕೆಲವಕ್ಕೆ ದಿನಗಳೇ ಹಿಡಿಯುತ್ತವೆ. ಆದರೆ ಒಮ್ಮೆ ಸೇರಿತೋ, ಹಲವು ಕೀಟಗಳಲ್ಲಿ ಅದು ಜೀವಮಾನದ ಒಡನಾಟ.

ಮೊದಲನೆಯ ಬಗೆಯ ನಂಜಿಗೆ ಮದ್ದು ಹುಲ್ಲಿನ ಕುಲದಲ್ಲೇ ಇದೆ! ಪರಂಗಿ ಅಥವಾ ಮೆಣಸಿನ ತೋಟದ ಸುತ್ತ ಕೆಲವು ಸಾಲು ಮುಸುಕಿನ ಜೋಳವನ್ನೋ ಬಿಳಿಜೋಳವನ್ನೋ ಒತ್ತಾಗಿ ಹಾಕುವುದನ್ನು ನೋಡಿರಬಹುದು. ಎತ್ತರದ ಜೋಳ ಹೇನಿಗೆ ಮೊದಲು ಸಿಗುತ್ತದೆ. ರುಚಿ ನೋಡಲು ಅಲ್ಲೊಂದು ಇಲ್ಲೊಂದು ಚುಚ್ಚುತ್ತದೆ, ಮೂತಿಯ ನಂಜನ್ನೆಲ್ಲ ಅಲ್ಲೇ ಒರೆಸಿಕೊಳ್ಳುತ್ತದೆ. ಜೋಳಕ್ಕೆ ಆ ನಂಜು ಹತ್ತುವುದಿಲ್ಲ. ಖರ್ಚು ಕಡಿಮೆ, ಮೇವೂ ಸಿಗುತ್ತದೆ. ಕೀಟನಾಶಕದ ಅಂಗಡಿಯವರು ಇದನ್ನು ಶಿಫಾರಸು ಮಾಡದಿರುವುದಕ್ಕೆ ಕಾರಣ ನೀವೇ ಊಹಿಸಿ.

ಹೇನಿನ ಮನಸ್ಸನ್ನೇ ವೈರಸ್ ತಿರುಗಿಸುತ್ತದೆ ಎಂದರೆ ನಂಬುತ್ತೀರಾ? ಬಾರ್ಲಿ, ಗೋಧಿ, ಓಟ್ಸ್ ಮತ್ತು ಎಷ್ಟೋ ಕಾಡು ಹುಲ್ಲುಗಳಿಗೆ ಬರುವ ಒಂದು ರೋಗವಿದೆ, ಬಾರ್ಲಿಯ ಹಳದಿ ಗಿಡ್ಡ ರೋಗ. ಕ್ಯಾಲಿಫೋರ್ನಿಯಾದ ಓಸ್ವಾಲ್ಡ್ ಮತ್ತು ಹ್ಯೂಸ್ಟನ್ 1951ರಲ್ಲಿ ಇದು ವೈರಸ್ಸಿನ ಕೆಲಸ, ತರುವುದು ಹೇನು ಎಂದು ವರದಿ ಮಾಡಿದರು. ಅಮೆರಿಕದ ಸಂಶೋಧಕರು 2012ರಲ್ಲಿ ಗೋಧಿ ಗಿಡಗಳ ಮೇಲೆ ಇನ್ನೂ ವಿಚಿತ್ರವಾದದ್ದನ್ನು ಕಂಡರು. ವೈರಸ್ ಇಲ್ಲದ ಹೇನು ರೋಗದ ಗಿಡವನ್ನೇ ಹುಡುಕಿಕೊಂಡು ಹೋಗುತ್ತದೆ. ವೈರಸ್ ಮೈಗೆ ಸೇರಿದ ಹೇನು ಆರೋಗ್ಯದ ಗಿಡದ ಕಡೆ ಹೊರಳುತ್ತದೆ. ವೈರಸ್ಸಿಗೆ ಇದಕ್ಕಿಂತ ಅನುಕೂಲವಾದ ಏರ್ಪಾಡು ಇನ್ನೇನಿದೆ? ಮಿದುಳು ಇಲ್ಲದ, ಒಂದು ಮಿಲಿಮೀಟರಿನ ನಲವತ್ತು ಸಾವಿರದಲ್ಲಿ ಒಂದು ಭಾಗದಷ್ಟು ಅಗಲದ ಕಣ ಇದನ್ನು ಮಾಡಿಸುತ್ತದೆ.

ಒಂದು ಇಡೀ ಹುಲ್ಲುಗಾವಲಿನ ಚಹರೆ ಬದಲಾಗುವುದರಲ್ಲಿ ಹೇನು ಹೊತ್ತ ವೈರಸ್ಸಿನ ಕೈವಾಡವಿತ್ತೇ? ಕ್ಯಾಲಿಫೋರ್ನಿಯಾದಲ್ಲಿ ಯುರೋಪಿನವರು ಕಾಲಿಡುವ ಮೊದಲು ವರ್ಷಾನುಗಟ್ಟಲೆ ಬಾಳುವ, ಬುಡಕಟ್ಟಿ ಬೆಳೆಯುವ ದೇಸಿ ಹುಲ್ಲುಗಳಿದ್ದವು. ದನಕರುಗಳ ಜೊತೆ, ಕಾಳಿನ ಮೂಟೆಗಳ ಜೊತೆ ಕಾಡು ಓಟ್ಸ್‌ನಂಥ ಒಂದೇ ವರ್ಷ ಬಾಳುವ ಹುಲ್ಲುಗಳು ಬಂದವು. ಇಂದು ಲಕ್ಷಾಂತರ ಹೆಕ್ಟೇರು ಅವುಗಳದೇ ರಾಜ್ಯ. ಸೋಜಿಗವೆಂದರೆ ಎದುರಾಬದುರು ಬೆಳೆಸಿ ನೋಡಿದರೆ ದೇಸಿ ಹುಲ್ಲು ಅಷ್ಟು ಸುಲಭವಾಗಿ ಸೋಲುವಂಥದ್ದಲ್ಲ. ಹಾಗಾದರೆ ಸೋತದ್ದು ಹೇಗೆ? ಕ್ಯಾರಲಿನ್ ಮಾಮ್‌ಸ್ಟ್ರಾಮ್ ಮತ್ತು ಸಂಗಡಿಗರು 2005ರಲ್ಲಿ ಒಂದು ಉತ್ತರ ಕೊಟ್ಟರು. ಹೊರಗಿನ ಹುಲ್ಲು ಹೇನುಗಳಿಗೆ ಒಳ್ಳೆ ಊಟ, ವೈರಸ್ಸಿಗೆ ಒಳ್ಳೆ ಮನೆ. ಅದು ಪಕ್ಕದಲ್ಲಿದ್ದರೆ ದೇಸಿ ಹುಲ್ಲಿಗೆ ಹಳದಿ ಗಿಡ್ಡ ರೋಗ ತಗುಲುವುದು ದುಪ್ಪಟ್ಟಿಗೂ ಹೆಚ್ಚು. ಹೊರಗಿನ ಹುಲ್ಲಿಗೆ ರೋಗ ಬಂದರೂ ಅದರ ಆಯುಸ್ಸು ಒಂದೇ ಮಳೆಗಾಲ, ಬೀಜ ಉದುರಿಸಿ ಹೊರಟುಹೋಗುತ್ತದೆ. ಹೊಸ ಬೀಜಕ್ಕೆ ಆ ನಂಜು ದಾಟುವುದಿಲ್ಲ. ದೇಸಿ ಹುಲ್ಲು ಮಾತ್ರ ವರ್ಷವರ್ಷವೂ ಅದೇ ಮೈಯಲ್ಲಿ ರೋಗ ಹೊತ್ತು ಸೊರಗಬೇಕು. ಎಲಿಜಬೆತ್ ಬೋರರ್ ಮತ್ತಿತರರು 2007ರಲ್ಲಿ ಲೆಕ್ಕ ಹಾಕಿ ತೋರಿಸಿದ್ದೂ ಇದನ್ನೇ: ವೈರಸ್ಸನ್ನು ಲೆಕ್ಕದಿಂದ ತೆಗೆದರೆ ದೇಸಿ ಹುಲ್ಲು ಗೆಲ್ಲುತ್ತದೆ, ಸೇರಿಸಿದರೆ ಹೊರಗಿನದು. ಯುದ್ಧ ಹುಲ್ಲು ಹುಲ್ಲುಗಳ ನಡುವೆ ಎಂದುಕೊಂಡವರಿಗೆ ಮೂರನೆಯವನು ಕಂಡೇ ಇರಲಿಲ್ಲ.

ನಮ್ಮಲ್ಲೂ ಹುಲ್ಲುಗಾವಲುಗಳಿವೆ, ಕಾವಲುಗಳೆಂದು ಕರೆಯುತ್ತೇವೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯ ದನಗಳಿಗೆಂದು ಕಾದಿರಿಸಿದ್ದು, ಟಿಪ್ಪು ಕಾಲಕ್ಕೆ ಆ ಚಾವಡಿಯೇ ಅಮೃತ ಮಹಲ್ ಆಯಿತು. ಬೆಂಗಳೂರಿನ ಮಗ್ಗುಲಲ್ಲೇ ಹೆಸರಘಟ್ಟದ ಹುಲ್ಲುಗಾವಲಿದೆ. ಅಲ್ಲಿ ಒಮ್ಮೆ ಫಿಲಂ ಸಿಟಿಯ ಮಾತು, ಇನ್ನೊಮ್ಮೆ ಗಿಡ ನೆಡುವ ಮಾತು. ಹುಲ್ಲು ಕಂಡರೆ ಖಾಲಿ ಜಾಗ ಎಂದುಕೊಳ್ಳುವ ಚಟ ನಮಗೆ. ಅದೇ ಹೆಸರಘಟ್ಟದಲ್ಲಿ 1967ರಿಂದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಇದೆ. ಬಿಳಿನೊಣ, ಥ್ರಿಪ್ಸ್, ಹೇನು ಹೊತ್ತು ತರುವ ನಂಜುಗಳ ಬಗ್ಗೆ ಅಲ್ಲಿ ಆದಷ್ಟು ಕೆಲಸ ನಮ್ಮ ದೇಶದಲ್ಲಿ ಕೆಲವೇ ಕಡೆ ಆಗಿದೆ.

ರಾಗಿಗೂ ಹುಚ್ಚುನಾಯಿಗೂ ನಂಟು! ತಮಾಷೆಯಲ್ಲ. 1960ರ ದಶಕದಲ್ಲಿ ಹಳೆ ಮೈಸೂರು ಸೀಮೆಯ ರಾಗಿ ಹೊಲಗಳಿಗೆ ಒಂದು ನಂಜು ಬಡಿಯಿತು. ಎಲೆಗಳ ಮೇಲೆ ಉದ್ದುದ್ದ ತಿಳಿ ಗೀರು, ಪೈರು ಕುಳ್ಳು, ತೆನೆ ಕಟ್ಟಿದರೂ ಕಾಳಿಲ್ಲ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಎಚ್.ಸಿ. ಗೋವಿಂದು ಅವರ ಜೊತೆ ಕಾರ್ಲ್ ಮಾರಮೊರೋಶ್ ಎಂಬ ವಿಜ್ಞಾನಿ ಸೇರಿ 1977ರಲ್ಲಿ ಆ ರಾಗಿ ಎಲೆಗಳಲ್ಲಿ ಕಂಡ ಕಣಗಳನ್ನು ವರದಿ ಮಾಡಿದರು. ಅದು ರ‍್ಯಾಬ್ಡೋವೈರಸ್. ರೇಬೀಸ್ ವೈರಸ್ ಇರುವುದೂ ಅದೇ ಕುಟುಂಬದಲ್ಲಿ. ಈ ಕುಟುಂಬದ ಗಿಡದ ವೈರಸ್‌ಗಳಲ್ಲಿ ಬಹುಪಾಲು ಕೀಟದ ಮೈಯಲ್ಲೂ ಮರಿ ಮಾಡುತ್ತವೆ. ಆದ್ದರಿಂದ ಇಡೀ ಕುಟುಂಬದ ಮೂಲ ಮನೆ ಕೀಟವೇ ಇರಬೇಕು, ಅಲ್ಲಿಂದ ಒಂದು ಕವಲು ಗಿಡಕ್ಕೆ, ಇನ್ನೊಂದು ಪ್ರಾಣಿಗಳಿಗೆ ಹೋಗಿರಬೇಕು ಎಂಬುದು ಬಲ್ಲವರ ಬಲವಾದ ಅಂದಾಜು. ರಾಗಿಯ ನಂಜು ಮನುಷ್ಯರಿಗೆ ಬರುವುದಿಲ್ಲ, ಮುದ್ದೆ ಧಾರಾಳವಾಗಿ ಉಣ್ಣಬಹುದು.

ಮಾರಮೊರೋಶ್ ಅವರಿಗೆ 1980ರಲ್ಲಿ ವುಲ್ಫ್ ಪ್ರಶಸ್ತಿ ಬಂತು. ನೂರು ವರ್ಷ ದಾಟಿ ಬದುಕಿದರು.

ಕಾಡುರಾಗಿಯನ್ನು ನೀವು ದಿನವೂ ತುಳಿಯುತ್ತೀರಿ. ಫುಟ್‌ಪಾತಿನ ಕಲ್ಲು ಸಂದಿಯಲ್ಲಿ ಚಪ್ಪಟೆಯಾಗಿ ಹರಡಿ, ಬೆರಳು ಬಿಡಿಸಿದಂತೆ ತೆನೆ ಎತ್ತುವ ಹುಲ್ಲು. ಕಿತ್ತರೆ ಬೇಗ ಬರುವುದಿಲ್ಲ. ನಾವು ತಿನ್ನುವ ರಾಗಿಯ ವಂಶವಾಹಿಗಳಲ್ಲಿ ಅರ್ಧ ಪಾಲು ಈ ಹುಲ್ಲಿನ ಕಡೆಯಿಂದ ಬಂದದ್ದು. ರಾಗಿಯ ನಂಜು ಹೊರುವ ಜಿಗಿಹುಳು ಸಿಕಾಡುಲಿನಾ ಜಾತಿಯದು. ಅದರ ಮರಿ ಬೆಳೆಯುವುದಕ್ಕೆ ಹೊಲವೇ ಆಗಬೇಕೆಂದಿಲ್ಲ, ಹುಲ್ಲಿದ್ದರೂ ನಡೆಯುತ್ತದೆ.

ಸಿಕಾಡುಲಿನಾ ಎಂದಾಗ ಈ ಕಥೆ ಹೇಳದೆ ಇರಲಾಗದು. ಆಫ್ರಿಕಾದಲ್ಲಿ ಮುಸುಕಿನ ಜೋಳದ ಗೀರು ರೋಗವನ್ನು ತರುವುದು ಇದೇ ಜಾತಿಯ ಹುಳು. ಮುಸುಕಿನ ಜೋಳ ಅಮೆರಿಕದಿಂದ ಬಂದ ಬೆಳೆ, ವೈರಸ್ ಮಾತ್ರ ಆಫ್ರಿಕಾದ ಕಾಡು ಹುಲ್ಲಿನದು. ಹೊಸ ಬೆಳೆ ಹೋಗಿ ಹಳೆ ಹುಲ್ಲಿನ ಪಕ್ಕ ನಿಂತದ್ದೇ ತಪ್ಪಾಯಿತು. ಎಚ್.ಎಚ್. ಸ್ಟೋರಿ ಎಂಬಾತ ಈ ಹುಳುಗಳಲ್ಲಿ ಕೆಲವು ವಂಶದವು ರೋಗ ಹರಡುತ್ತವೆ, ಕೆಲವು ಎಷ್ಟು ರೋಗದ ರಸ ಕುಡಿದರೂ ಹರಡುವುದಿಲ್ಲ ಎಂದು ಕಂಡುಕೊಂಡ. ಹರಡದ ಹುಳುವನ್ನು ಹಿಡಿದು ಸಣ್ಣ ಸೂಜಿಯಿಂದ ಹೊಟ್ಟೆ ಚುಚ್ಚಿ ಕರುಳಿಗೆ ತೂತು ಮಾಡಿದ. ಹುಳು ಬದುಕಿತು, ರೋಗವನ್ನೂ ಹರಡತೊಡಗಿತು! ತಡೆ ಇದ್ದದ್ದು ಕರುಳಿನ ಗೋಡೆಯಲ್ಲಿ ಎಂದು ಗೊತ್ತಾದದ್ದು ಹಾಗೆ, 1933ರಲ್ಲಿ. ಎರಡು ಮೂರು ಮಿಲಿಮೀಟರ್ ಉದ್ದದ ಹುಳುವಿಗೆ ಶಸ್ತ್ರಚಿಕಿತ್ಸೆ. ಆ ಕೈಗೆ ನಮಸ್ಕಾರ ಹೇಳಲೇಬೇಕು.

ಅದೇ 1933. ಜಪಾನಿನ ಫುಕುಶಿ ಎಂಬ ವಿಜ್ಞಾನಿ ಭತ್ತದ ಕುಳ್ಳು ರೋಗದ ವೈರಸ್ ಜಿಗಿಹುಳುವಿನ ಮೊಟ್ಟೆಯ ಮೂಲಕವೇ ಮರಿಗೆ ಇಳಿಯುತ್ತದೆ ಎಂದು ತೋರಿಸಿದ. ರೋಗದ ಗಿಡವನ್ನು ಕಣ್ಣಿಂದಲೂ ನೋಡದ ಮರಿ, ಹುಟ್ಟುವಾಗಲೇ ನಂಜು ಹೊತ್ತಿರುತ್ತದೆ. ತಲೆಮಾರಿನಿಂದ ತಲೆಮಾರಿಗೆ ಆಸ್ತಿಯ ಹಾಗೆ. ನಮ್ಮ ಜೋಳದ ಸುಳಿ ತಿಗಣೆಯಲ್ಲೂ ಈ ಗುಣವಿದೆ.

ಭತ್ತದ ಟುಂಗ್ರೋ ರೋಗ ಒಂದು ವೈರಸ್ಸಿನದಲ್ಲ, ಎರಡರದ್ದು. ಗಿಡವನ್ನು ಹಳದಿ ಮಾಡಿ ಕುಳ್ಳಾಗಿಸುವ ವೈರಸ್ಸಿಗೆ ತಾನೇ ಹಸಿರು ಜಿಗಿಹುಳುವನ್ನು ಹತ್ತುವ ಯೋಗ್ಯತೆ ಇಲ್ಲ. ಜೊತೆಗಿರುವ ಇನ್ನೊಂದು ವೈರಸ್ ಹುಳುವಿನಲ್ಲಿ ಜಾಗ ಮಾಡಿಕೊಡುತ್ತದೆ. ಆ ಇನ್ನೊಂದಕ್ಕೆ ಗಿಡವನ್ನು ಹೆಚ್ಚು ಕಾಡುವ ಶಕ್ತಿಯಿಲ್ಲ. ಕುಂಟ ಕುರುಡರ ಕೂಟ.

ಬೆಂಗಳೂರಿನ ಹೆಸರು ಹೊತ್ತ ವೈರಸ್ ಇದೆ, ಗೊತ್ತೇ? ಟೊಮೆಟೊ ಲೀಫ್ ಕರ್ಲ್ ಬ್ಯಾಂಗಲೋರ್ ವೈರಸ್. ಅದರ ಪಕ್ಕದಲ್ಲೇ ಟೊಮೆಟೊ ಲೀಫ್ ಕರ್ಲ್ ಕರ್ನಾಟಕ ವೈರಸ್. ರೈತರು ಎಲೆ ಮುಟುರು ರೋಗ ಎನ್ನುವುದು ಇದನ್ನೇ. ಎಳೆ ಎಲೆ ಮೇಲ್ಮುಖವಾಗಿ ದೊನ್ನೆಯಂತೆ ಮಡಚಿಕೊಳ್ಳುತ್ತದೆ, ಗೆಣ್ಣುಗಳು ಹತ್ತಿರ ಹತ್ತಿರ, ಹೂವು ನಿಂತರೂ ಕಾಯಿ ಕೂರುವುದಿಲ್ಲ. ಇದನ್ನು ಹರಡುವುದು ಬಿಳಿನೊಣ. 1999ರಲ್ಲಿ ಕೋಲಾರದ ಹೊಲಗಳಲ್ಲಿ ಬಿಳಿನೊಣದ ಹೊಸದೊಂದು ತಳಿ ಕಂಡಿತು, ಬಿ ಬಯೋಟೈಪ್ ಎಂದು. ಭಾರತದಲ್ಲಿ ಅದು ಮೊದಲು ವರದಿಯಾದದ್ದೇ ಕೋಲಾರದಲ್ಲಿ. ಬೇರೆ ದೇಶಗಳಲ್ಲಿ ಆಗಲೇ ರೈತರಿಗೆ ನೀರು ಕುಡಿಸಿದ್ದ ತಳಿ ಅದು. ಆ ಸಲ ಮುಟುರು ರೋಗ ಊರಿಗೆ ಊರೇ ಹಬ್ಬಿತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿ. ಮುನಿಯಪ್ಪ ಮತ್ತು ಸಂಗಡಿಗರು ಇದರ ಬೆನ್ನು ಹತ್ತಿ ಕೆಲಸ ಮಾಡಿದವರು. ರೋಗ ತಡೆಯುವ ನಂದಿ, ಸಂಕ್ರಾಂತಿ, ವೈಭವ್ ತಳಿಗಳು ಬಂದದ್ದು ಅದೇ ವಿಶ್ವವಿದ್ಯಾಲಯದಿಂದ. ಕೋಲಾರದ ನರ್ಸರಿಗಳಲ್ಲಿ ಪ್ರೋಟ್ರೇ ಸಸಿಗಳ ಮೇಲೆ ಸೊಳ್ಳೆಪರದೆಗಿಂತ ಸಣ್ಣ ಕಣ್ಣಿನ ಬಲೆ ಬಿಟ್ಟಿರುತ್ತಾರೆ. ಎಳೆಯ ಸಸಿಗೆ ನಂಜು ಹತ್ತಿದರೆ ಬುಟ್ಟಿ ಟೊಮೆಟೊ ಕೂಡ ಸಿಗದು, ಬಲಿತ ಮೇಲೆ ಹತ್ತಿದರೆ ಒಂದಿಷ್ಟಾದರೂ ಕೈಗೆ ಬರುತ್ತದೆ. ಅದಕ್ಕೇ ಆ ಮೊದಲ ವಾರಗಳ ಕಾವಲು.

ಕಾಂಗ್ರೆಸ್ ಹುಲ್ಲು ಹುಲ್ಲೇ ಅಲ್ಲ. ಅದು ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬದ್ದು. ಪಾರ್ಥೇನಿಯಂ ಎಂದೂ ಕರೆಯುವ ಈ ಗಿಡ ಪುಣೆಯಲ್ಲಿ ಕಣ್ಣಿಗೆ ಬಿದ್ದದ್ದು 1950ರ ದಶಕದಲ್ಲಿ. ಎರಡು ದಶಕದೊಳಗೆ ಬೆಂಗಳೂರಿನ ಖಾಲಿ ಸೈಟುಗಳೆಲ್ಲ ಅದರದೇ. ಮೈ ತುರಿಕೆ, ಉಬ್ಬಸದ ಕಥೆ ಎಲ್ಲರಿಗೂ ಗೊತ್ತು. ಇನ್ನೊಂದು ಕಥೆ ಕಡಿಮೆ ಜನಕ್ಕೆ ಗೊತ್ತು. 1997ರಲ್ಲಿ ಆಗಿನ ಕೋಲಾರ ಜಿಲ್ಲೆಯ ಬಾಗೇಪಲ್ಲಿ ಕಡೆ ಸೂರ್ಯಕಾಂತಿ ಗಿಡಗಳು ಸುಟ್ಟಂತೆ ಕಪ್ಪಾಗಿ, ಕತ್ತು ತಿರುಚಿ ಒಣಗತೊಡಗಿದವು. 2000ದಲ್ಲಿ ಪಕ್ಕದ ಅನಂತಪುರ ಜಿಲ್ಲೆಯಲ್ಲಿ ಕಡಲೆಕಾಯಿಗೂ ಅದೇ ಗತಿ. ಸುಮಾರು 2 ಲಕ್ಷ 25 ಸಾವಿರ ಹೆಕ್ಟೇರು, 300 ಕೋಟಿ ರೂಪಾಯಿಗೂ ಮೀರಿದ ನಷ್ಟ ಎಂದು ಅಂದಾಜಾಯಿತು. ಎರಡಕ್ಕೂ ಕಾರಣ ಒಂದೇ, ತಂಬಾಕಿನ ಗೀರು ವೈರಸ್. ಅದು ತುಂಬಿಕೊಂಡಿದ್ದದ್ದು ಪಾರ್ಥೇನಿಯಂನಲ್ಲಿ. ಆ ಗಿಡಕ್ಕೆ ಕಾಯಿಲೆಯ ಕುರುಹೇ ಇಲ್ಲ, ಹಸಿರಾಗಿ ನಗುತ್ತಾ ನಿಂತಿರುತ್ತದೆ. ನಂಜು ಇರುವುದು ಅದರ ಪರಾಗದಲ್ಲಿ. ಹೂವಿನಲ್ಲಿ ಓಡಾಡುವ ಥ್ರಿಪ್ಸ್ ಮೈಗೆ ಪರಾಗ ಮೆತ್ತಿಕೊಂಡು ಕಡಲೆಕಾಯಿ ಎಲೆಗೆ ಹೋಗುತ್ತದೆ, ಎಲೆ ಕೆರೆದು ತಿನ್ನುತ್ತದೆ, ಆ ಗಾಯಕ್ಕೆ ಪರಾಗ ಉಜ್ಜುತ್ತದೆ. ಅಷ್ಟೇ. ಥ್ರಿಪ್ಸ್‌ಗೆ ಆ ವೈರಸ್ಸಿನ ಜೊತೆ ಇನ್ನಾವ ಸಂಬಂಧವೂ ಇಲ್ಲ. ಬದುವಿನ ಕಳೆ ಕಿತ್ತಿದ್ದರೆ ಅರ್ಧ ರೋಗ ಅಲ್ಲೇ ನಿಲ್ಲುತ್ತಿತ್ತು. ಆದರೆ ಊರೊಟ್ಟಿನ ಬೀಳಿನಲ್ಲಿ ಬೆಳೆದದ್ದನ್ನು ಕೀಳುವವರು ಯಾರು?

ಪಾರ್ಥೇನಿಯಂ ತಿನ್ನಲೆಂದು ಮೆಕ್ಸಿಕೋದಿಂದ ಒಂದು ಜೀರುಂಡೆ ತರಿಸಿದ್ದು ಗೊತ್ತೇ? ಕೆನೆಬಣ್ಣದ ಬೆನ್ನಿನ ಮೇಲೆ ಕಂದು ಗೀರುಗಳಿರುವ ಪುಟ್ಟ ಹುಳು. ಭಾರತದಲ್ಲಿ ಅದನ್ನು ಮೊದಲು ಬಯಲಿಗೆ ಬಿಟ್ಟದ್ದು ಬೆಂಗಳೂರಿನಲ್ಲೇ, 1984ರಲ್ಲಿ. ಕೆಲವು ವರ್ಷಗಳಲ್ಲಿ ಚೆನ್ನಾಗಿಯೇ ಮೇಯತೊಡಗಿತು. ಆಮೇಲೆ ಗಲಾಟೆ ಎದ್ದಿತು: ಇದು ಸೂರ್ಯಕಾಂತಿಯನ್ನೂ ತಿನ್ನುತ್ತಿದೆ! ಪರೀಕ್ಷಿಸಿ ನೋಡಿದಾಗ ಕಂಡದ್ದು, ಸೂರ್ಯಕಾಂತಿ ಎಲೆಯ ಮೇಲೆ ಪಕ್ಕದ ಪಾರ್ಥೇನಿಯಂನ ಪರಾಗ ಉದುರಿತ್ತು, ಅದರ ರುಚಿಗೆ ಮರುಳಾಗಿ ಜೀರುಂಡೆ ಎಲೆ ಕಚ್ಚುತ್ತಿತ್ತು. ಎರಡು ಕಥೆ, ಎರಡರಲ್ಲೂ ಅದೇ ಸೂರ್ಯಕಾಂತಿ, ಅದೇ ಪರಾಗ.

ಥ್ರಿಪ್ಸ್ ಬಗ್ಗೆ ಇನ್ನೊಂದು. ಕಡಲೆಕಾಯಿ, ಟೊಮೆಟೊ, ಕಲ್ಲಂಗಡಿಗಳ ಕುಡಿ ಒಣಗಿಸುವ ಟಾಸ್ಪೋವೈರಸ್‌ಗಳಿವೆ. ಇವನ್ನು ಥ್ರಿಪ್ಸ್ ಮರಿಯಾಗಿದ್ದಾಗ ಕುಡಿದರೆ ಮಾತ್ರ ಮುಂದೆ ಹರಡಬಲ್ಲದು. ದೊಡ್ಡದಾದ ಮೇಲೆ ರೋಗದ ಗಿಡದಲ್ಲಿ ಎಷ್ಟು ಹೀರಿದರೂ ಪ್ರಯೋಜನವಿಲ್ಲ. ಕಲಿಯುವುದು ಬಾಲ್ಯದಲ್ಲಿ, ಹಾಳು ಮಾಡುವುದು ರೆಕ್ಕೆ ಬಂದ ಮೇಲೆ.

ಕನ್ನಡದ ಒಂದು ಪದವನ್ನು ಜಗತ್ತಿನ ಸಸ್ಯರೋಗದ ಪುಸ್ತಕಗಳು ಹಾಗೆಯೇ ಇಟ್ಟುಕೊಂಡಿವೆ: ಏಲಕ್ಕಿಯ ಕಟ್ಟೆ ರೋಗ. ಕೊಡಗು, ಸಕಲೇಶಪುರ, ಉತ್ತರ ಕನ್ನಡದ ಏಲಕ್ಕಿ ತೋಟಗಾರರ ಬಾಯಲ್ಲಿದ್ದದ್ದು ಇಂಗ್ಲಿಷ್ ಬರಹಕ್ಕೂ ಹೋಯಿತು. ಹರಡುವುದು ಹೇನು. ಅದೂ ತೋಟದ ಒದ್ದೆ ಜಾಗದ ಕೆಸುವಿನಂಥ ಗಿಡಗಳಲ್ಲಿ ಅಡಗಿ ಕೂತಿರುತ್ತದೆ.

ತೊಗರಿಯ ಗೊಡ್ಡು ರೋಗ ಕೀಟದಿಂದ ಬರುವುದಲ್ಲ, ಎಂಟು ಕಾಲು ಇರಬೇಕಾದಲ್ಲಿ ನಾಲ್ಕೇ ಇರುವ ಒಂದು ನುಸಿಯಿಂದ. ಬರಿಗಣ್ಣಿಗೆ ಕಾಣದು. ರೋಗ ದಾಖಲಾದದ್ದು 1931ರಲ್ಲಿ, ಬಿಹಾರದ ಪೂಸಾದಲ್ಲಿ. ಅದರ ವೈರಸ್ ಕೈಗೆ ಸಿಕ್ಕಿದ್ದು ಸುಮಾರು 2000ದ ಹೊತ್ತಿಗೆ. ಏಳು ದಶಕ ತಪ್ಪಿಸಿಕೊಂಡ ಆಸಾಮಿ!

ಗಂಧದ ಮರದ ಸ್ಪೈಕ್ ರೋಗ ವೈರಸ್ಸಿನದೆಂದು ಬಹುಕಾಲ ನಂಬಲಾಗಿತ್ತು. 1899ರಲ್ಲಿ ಕೊಡಗಿನಲ್ಲಿ ಕಣ್ಣಿಗೆ ಬಿದ್ದ ರೋಗ. ಎಲೆಗಳು ಚಿಕ್ಕದಾಗುತ್ತಾ ಹೋಗಿ ಕೊಂಬೆ ಮುಳ್ಳುಹಂದಿಯಂತೆ ನೆಟ್ಟಗಾಗುತ್ತದೆ, ಕೆಲವೇ ವರ್ಷಗಳಲ್ಲಿ ಮರ ಸಾಯುತ್ತದೆ. ಮೈಸೂರು ಸಂಸ್ಥಾನಕ್ಕೆ ಗಂಧ ಎಂದರೆ ಖಜಾನೆ. ಸಂಸ್ಥಾನದ ಕೃಷಿ ನಿರ್ದೇಶಕ, ಕೆನಡಾದ ಲೆಸ್ಲಿ ಕೋಲ್ಮನ್ ಕಸಿಯ ಮೂಲಕ ರೋಗ ದಾಟುತ್ತದೆ ಎಂದು ತೋರಿಸಿ 1917ರಲ್ಲಿ ಬರೆದ. ಮುಂದೆ ಮಲ್ಲೇಶ್ವರದ ಆಚೆಯ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಎಂ. ಶ್ರೀನಿವಾಸಯ್ಯ ಮೊದಲಾದವರು 1920ರ ದಶಕದ ಕೊನೆಯಿಂದ ವರ್ಷಗಟ್ಟಲೆ ಇದರ ಹಿಂದೆ ಬಿದ್ದರು. ಗಂಧದ ಮರ ಅರೆ ಪರಾವಲಂಬಿ, ಅಕ್ಕಪಕ್ಕದ ಗಿಡ, ಪೊದೆ, ಹುಲ್ಲಿನ ಬೇರಿಗೆ ತನ್ನ ಬೇರು ಕೊಟ್ಟು ಹೀರುತ್ತದೆ. ಹಾಗಾಗಿ ನೆರೆಯ ಗಿಡಗಳ ಪಟ್ಟಿ ಮಾಡದೆ ಈ ರೋಗ ತಿಳಿಯುವಂತೆಯೇ ಇರಲಿಲ್ಲ. ಕೊನೆಗೆ 1967ರಲ್ಲಿ ಜಪಾನಿನವರು ಹಿಪ್ಪುನೇರಳೆಯಲ್ಲಿ ಫೈಟೋಪ್ಲಾಸ್ಮಾ ಎಂಬ, ಗೋಡೆಯಿಲ್ಲದ ಬ್ಯಾಕ್ಟೀರಿಯಾ ಕಂಡರು. ಎರಡೇ ವರ್ಷದಲ್ಲಿ ಗಂಧದಲ್ಲೂ ಅದೇ ಸಿಕ್ಕಿತು. ಹೊತ್ತು ತಿರುಗುವ ಅನುಮಾನ ಮಾತ್ರ ಆಗಲೂ ಈಗಲೂ ಜಿಗಿಹುಳುಗಳ ಮೇಲೆಯೇ. ಅಡಿಕೆಯ ಹಳದಿ ಎಲೆ ರೋಗ, ಕಬ್ಬಿನ ಹುಲ್ಲು ಮೊಳಕೆ ರೋಗ, ಗಣೇಶನಿಗೆ ಏರಿಸುವ ಗರಿಕೆ ಕೆಲವೊಮ್ಮೆ ಸುಣ್ಣದಂತೆ ಬಿಳುಚಿಕೊಳ್ಳುವ ರೋಗ, ಇವೆಲ್ಲ ಇದೇ ಸಂತಾನದ್ದು.

ಕೀಟದ ಹಂಗಿಲ್ಲದ ವೈರಸ್ಸೂ ಉಂಟು. ಲೋಕದಲ್ಲಿ ಮೊದಲು ಪತ್ತೆಯಾದ ತಂಬಾಕಿನ ಮೊಸಾಯಿಕ್ ವೈರಸ್ ಹರಡುವುದು ಮನುಷ್ಯರ ಕೈಯಿಂದ, ಕತ್ತರಿಯಿಂದ. ಸಿಗರೇಟು ಹಿಡಿದ ಕೈಯಲ್ಲಿ ಟೊಮೆಟೊ ಸಸಿ ಮುಟ್ಟಬೇಡಿ ಎನ್ನುವುದು ಅದಕ್ಕೆ. ಇದರ ದಾಯಾದಿ, ಮೆಣಸಿನ ಒಂದು ವೈರಸ್, ನಮ್ಮ ಹೊಟ್ಟೆಯೊಳಗೆ ಬಜ್ಜಿ, ಸಾಸ್‌ಗಳ ಜೊತೆ ಹೋಗಿ ಏನೂ ಆಗದೆ ಹೊರಬರುತ್ತದೆ. ನೀರಿಗೆ ಚರಂಡಿ ಸೇರಿದೆಯೇ ಎಂದು ತಿಳಿಯಲು ಈಗ ವಿಜ್ಞಾನಿಗಳು ಅದನ್ನೇ ಹುಡುಕುತ್ತಾರೆ.

ವೈರಸ್ ಹುಲ್ಲಿಗೆ ಒಳ್ಳೆಯದೂ ಮಾಡೀತೇ? ಅಮೆರಿಕದ ಯೆಲ್ಲೋಸ್ಟೋನ್‌ನಲ್ಲಿ ಬಿಸಿನೀರ ಬುಗ್ಗೆಗಳ ಪಕ್ಕ 65 ಡಿಗ್ರಿ ಕಾದ ಮಣ್ಣಿನಲ್ಲೂ ಒಂದು ಹುಲ್ಲು ಬದುಕುತ್ತದೆ. ಅದರೊಳಗೆ ಒಂದು ಶಿಲೀಂಧ್ರ, ಶಿಲೀಂಧ್ರದೊಳಗೆ ಒಂದು ವೈರಸ್. ವೈರಸ್ ತೆಗೆದರೆ ಆ ಕಾವಿನಲ್ಲಿ ಹುಲ್ಲೂ ಇಲ್ಲ, ಶಿಲೀಂಧ್ರವೂ ಇಲ್ಲ. 2007ರಲ್ಲಿ ಗೊತ್ತಾದ ಸಂಗತಿ. ಕಾಡು ಹುಲ್ಲುಗಳಲ್ಲಿ ವೈರಸ್ ಇದ್ದೂ ಕಾಯಿಲೆ ಕಾಣಿಸದಿರುವುದು ಅಪರೂಪವೇನಲ್ಲ. ಹೊಲದ ಬೆಳೆಗೆ ಬಂದಾಗಲೇ ಅದು ರೋಗ ಅನ್ನಿಸಿಕೊಳ್ಳುವುದು.

ಗಿಡದ ವೈರಸ್ ರೋಗದ ಬಲು ಹಳೆಯ ದಾಖಲೆ ಒಂದು ಕವಿತೆ! ಕ್ರಿ.ಶ. 752ರಲ್ಲಿ ಜಪಾನಿನ ರಾಣಿ ಕೋಕೆನ್ ಬೇಸಿಗೆಯಲ್ಲೇ ಹಳದಿಯಾಗುತ್ತಿದ್ದ ಕಾಡುಗಿಡವೊಂದನ್ನು ಕಂಡು ಬರೆದದ್ದು. ಬಿಳಿನೊಣ ಹರಡುವ, ನಮ್ಮ ಟೊಮೆಟೊ ಮುಟುರಿನ ಕುಲದ ವೈರಸ್ಸೇ ಆ ಬಣ್ಣಕ್ಕೆ ಕಾರಣ ಎಂದು 2003ರಲ್ಲಿ ಖಚಿತವಾಯಿತು.

ಒಣಗಿದ ಹುಲ್ಲಿನಿಂದಲೂ ವೈರಸ್ ಪತ್ತೆ ಮಾಡಬಹುದು, ಗೊತ್ತೇ? ಮಾಮ್‌ಸ್ಟ್ರಾಮ್ ತಂಡ ಕ್ಯಾಲಿಫೋರ್ನಿಯಾದ ಸಸ್ಯಸಂಗ್ರಹಗಳಲ್ಲಿ ಹಾಳೆಗೆ ಅಂಟಿಸಿಟ್ಟಿದ್ದ ಹಳೆಯ ಹುಲ್ಲುಗಳ ಚೂರು ತೆಗೆದು ಪರೀಕ್ಷಿಸಿತು. 1917ರಲ್ಲಿ ಕಿತ್ತ ಹುಲ್ಲಿನಲ್ಲೂ ಹಳದಿ ಗಿಡ್ಡ ರೋಗದ ವೈರಸ್ ಸಿಕ್ಕಿತು. ರೋಗಕ್ಕೆ ಹೆಸರಿಡುವುದಕ್ಕೂ ಮೂರು ದಶಕ ಮೊದಲೇ ಅದು ಅಲ್ಲಿತ್ತು. ಅಂಥ ಹಾಳೆಗಳು ನಮ್ಮಲ್ಲೂ ಇವೆ. ಸೇಂಟ್ ಜೋಸೆಫ್ ಕಾಲೇಜಿನ ಫಾದರ್ ಸೆಸಿಲ್ ಸಲ್ಡಾನ್ಹಾ ಹಾಸನ ಜಿಲ್ಲೆಯ ಮೂಲೆಮೂಲೆ ತಿರುಗಿ ಗಿಡ, ಹುಲ್ಲು ಸಂಗ್ರಹಿಸಿದರು. ಅದರ ಫಲವಾಗಿ ಹಾಸನದ ಸಸ್ಯಗಳ ದೊಡ್ಡ ಗ್ರಂಥ 1976ರಲ್ಲಿ ಬಂತು. ಆ ಸಂಗ್ರಹ ಈಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ, ಓಕಳಿಪುರಂನಿಂದ ಮಲ್ಲೇಶ್ವರ ದಾಟಿದರೆ ಸಿಗುತ್ತದೆ. ಹಳೆ ಮೈಸೂರಿನ ರಾಗಿಗೆ ನಂಜು ಬಡಿದ ಕಾಲಕ್ಕೂ ಆ ಹುಲ್ಲುಗಳನ್ನು ಕಿತ್ತ ಕಾಲಕ್ಕೂ ಹೆಚ್ಚು ಅಂತರವಿಲ್ಲ. ಬೆರಳೆಣಿಕೆ ಹಾಳೆಗಳಿಂದ ಉಗುರಗಲ ಎಲೆ ಕೇಳಿ ಪಡೆದು ನೋಡುವ ವಿದ್ಯಾರ್ಥಿ ಯಾರಾದರೂ ಇದ್ದರೆ, ಪಿಎಚ್‌ಡಿಗೆ ವಿಷಯ ಹುಡುಕುವ ಕಷ್ಟ ತಪ್ಪೀತು.